ನಾಲ್ಕು ಅಂಗುಲದ ಗಾಳಿ

ಬೀಗವೆಂದರೆ ಮುಚ್ಚಿದ್ದನ್ನು ಮುಚ್ಚಿದಂತೆಯೇ ಕಾಯುವ ವಸ್ತುವೆಂದು ನಾವೆಲ್ಲರೂ ತಿಳಿದಿದ್ದೇವೆ. ಮೊದಲು ಕದ ಮುಚ್ಚಬೇಕು, ಆಮೇಲೆ ಬೀಗ ಬೀಳಬೇಕು. ತೆರೆದ ಕದಕ್ಕೆ ಬೀಗ ಹಾಕಿದನೆಂದರೆ ಊರವರು ನಕ್ಕಾರು. ಆದರೆ ತೆರೆದಿರುವಾಗ ಮಾತ್ರವೇ ಪ್ರಯೋಜನಕ್ಕೆ ಬರುವ, ಮುಚ್ಚಿದ ಮೇಲೆ ಏನೊಂದೂ ಕೆಲಸವಿಲ್ಲದೆ ಸುಮ್ಮನಿರುವ ಬೀಗವೊಂದನ್ನು ನಾನು ಇಂಗ್ಲೆಂಡಿನಲ್ಲಿ ಕಂಡೆ. ಅದನ್ನು ಅಲ್ಲಿಯವರು ‘ಸ್ಯಾಶ್ ಸ್ಟಾಪ್’ ಎಂದು ಕರೆಯುತ್ತಾರೆ. ಅದರ ಹೊಟ್ಟೆಯಲ್ಲಿ ಸ್ಪ್ರಿಂಗಿಲ್ಲ, ಹಲ್ಲುಗಳ ಸಾಲಿಲ್ಲ, ಗುಟ್ಟಿನ ಯಂತ್ರವೇನೂ ಇಲ್ಲ. ಬೆರಳ ತುದಿಯಷ್ಟು ಹಿತ್ತಾಳೆಯ ಒಂದು ಗುಬುಟು, ಅದು ಕೂರುವುದಕ್ಕೆ ಒಂದು ತೂತು, ಇಷ್ಟೇ ಅದರ ಸಂಸಾರ. ಇಂಥದರ ಮೇಲೆ ಒಂದು ಲೇಖನವೇ ಎಂದು ವಾಚಕರು ಕೇಳಬಹುದು. ಮನೆಯವರು ರಾತ್ರಿ ಉಸಿರಾಡುವುದಕ್ಕೂ, ಮಗುವೊಂದು ಬೆಳಗ್ಗೆ ಸುಖವಾಗಿ ಏಳುವುದಕ್ಕೂ ಅದು ಕಾರಣವಾದುದನ್ನು ಕಣ್ಣಾರೆ ನೋಡಿದ ಮೇಲೆ ಬರೆಯದೆ ಇರಲು ನನಗೆ ಮನಸ್ಸಾಗಲಿಲ್ಲ.

ಮೊದಲು ನಮ್ಮ ಕಿಟಕಿಯನ್ನು ನೋಡೋಣ. ನಮ್ಮಲ್ಲಿ ಕಿಟಕಿಯ ಕಾವಲು ಬೇರೆ, ಗಾಳಿ ಬೇರೆ. ಕಾವಲಿಗೆ ಕಬ್ಬಿಣದ ಸರಳುಗಳಿವೆ. ಅವು ಹಗಲಿರುಳೂ ಗೋಡೆಯಲ್ಲಿ ನೆಟ್ಟು ನಿಂತಿರುತ್ತವೆ. ಗಾಳಿಗೆ ಎರಡು ಕದಗಳಿವೆ. ಅವನ್ನು ಹೊರಕ್ಕೆ ತಳ್ಳಿ, ಪಟಪಟ ಬಡಿದುಕೊಳ್ಳದಂತೆ ಕೊಕ್ಕೆ ಸಿಕ್ಕಿಸಿದರೆ ಮುಗಿಯಿತು. ಕದ ಎಷ್ಟು ತೆರೆದಿದೆ ಎಂಬುದಕ್ಕೂ ಕಳ್ಳನಿಗೂ ಸಂಬಂಧವೇ ಇಲ್ಲ. ಬೆಕ್ಕು ಬರುತ್ತದೆ, ಬೆಳದಿಂಗಳು ಬರುತ್ತದೆ, ಮನುಷ್ಯ ಬರಲಾರ. (ಉದ್ದನೆಯ ಕೋಲಿನ ತುದಿಗೆ ಕೊಕ್ಕೆ ಕಟ್ಟಿ, ಗೂಟಕ್ಕೆ ತೂಗುಹಾಕಿದ ಅಂಗಿಯನ್ನು ಸರಳಿನ ನಡುವಿನಿಂದ ಎಳೆದುಕೊಳ್ಳುವ ರಸಿಕರೂ ನಮ್ಮ ಊರುಗಳಲ್ಲಿ ಇದ್ದರು, ಆ ಮಾತು ಬೇರೆ.) ಹೀಗಾಗಿ ಕಿಟಕಿಯ ಕೆಳಗೆ ಹಾಸಿಗೆ ಹಾಸಿಕೊಂಡು ನಿಶ್ಚಿಂತೆಯಿಂದ ಮಲಗುವ ಭಾಗ್ಯ ಬಡವನಿಗೂ ಉಂಟು.

ಇಂಗ್ಲೆಂಡಿನಲ್ಲಿ ಹಾಗಲ್ಲ. ಸೆರೆಮನೆ, ನೆಲಮಾಳಿಗೆ, ಹಿಂದಿನ ಕಾಲದ ಶ್ರೀಮಂತರ ಮನೆಯ ಮಕ್ಕಳ ಕೋಣೆ, ಇಂಥವನ್ನು ಬಿಟ್ಟರೆ ಕಿಟಕಿಗೆ ಸರಳು ಹಾಕುವ ಪದ್ಧತಿ ಅಲ್ಲಿ ವಿರಳ. ಆದ್ದರಿಂದ ಗಾಜಿನ ಚೌಕಟ್ಟೇ ಗಾಳಿಯನ್ನು ಬಿಡಬೇಕು, ಅದೇ ಕಾವಲನ್ನೂ ಕಾಯಬೇಕು. ಬಿಡುವ ಕೆಲಸವನ್ನೂ ತಡೆಯುವ ಕೆಲಸವನ್ನೂ ಒಬ್ಬನಿಗೇ ಒಪ್ಪಿಸಿದರೆ ಏನಾಗುತ್ತದೆಂದು ಯಾರಾದರೂ ಊಹಿಸಬಹುದು. ಒಂದನ್ನು ಮಾಡುವಾಗ ಇನ್ನೊಂದು ಕೆಡುತ್ತದೆ.

ಅಲ್ಲಿಯ ಹಳೆಯ ಮನೆಗಳಿಗೆಲ್ಲ ಮುಖಲಕ್ಷಣವಾಗಿರುವುದು ಸ್ಯಾಶ್ ಕಿಟಕಿ. ಚೌಕಟ್ಟು ಎಂಬ ಅರ್ಥದ ‘ಶಾಸಿ’ ಎಂಬ ಫ್ರೆಂಚ್ ಮಾತೇ ಇಂಗ್ಲಿಷರ ಬಾಯಲ್ಲಿ ‘ಸ್ಯಾಶ್’ ಆಯಿತು. ನಮ್ಮ ಕಿಟಕಿಯಂತೆ ಅದು ಕೀಲಿನ ಮೇಲೆ ತಿರುಗುವುದಿಲ್ಲ. ನಮ್ಮ ರೈಲುಗಾಡಿಯಲ್ಲಿ ಮೇಲಕ್ಕೆ ಎತ್ತಿ ಕೊಂಡಿಗೆ ಸಿಕ್ಕಿಸುವ ಕಿಟಕಿಯನ್ನು ನೆನಸಿಕೊಂಡರೆ ಅದರ ಸ್ವರೂಪ ಒಂದಿಷ್ಟು ತಿಳಿದೀತು. ಗಾಜು ಕೂರಿಸಿದ ಎರಡು ಚೌಕಟ್ಟುಗಳು, ಒಂದು ಮೇಲೆ, ಒಂದು ಕೆಳಗೆ. ಮೇಲಿನದು ಹೊರಗಡೆಯ ಗಾಡಿಯಲ್ಲೂ ಕೆಳಗಿನದು ಒಳಗಡೆಯ ಗಾಡಿಯಲ್ಲೂ ಏರಿಳಿಯುತ್ತವೆ. ಕಿಟಕಿಯ ಇಕ್ಕೆಲಗಳಲ್ಲಿ, ಕಣ್ಣಿಗೆ ಕಾಣದಂತೆ, ಮರದ ಪೊಳ್ಳು ಪೆಟ್ಟಿಗೆಗಳಿವೆ. ಚೌಕಟ್ಟಿನ ಪಕ್ಕಕ್ಕೆ ಕಟ್ಟಿದ ಹುರಿ ಒಂದು ಸಣ್ಣ ರಾಟೆಯನ್ನು ಹಾದು ಆ ಪೆಟ್ಟಿಗೆಯೊಳಗೆ ಇಳಿಯುತ್ತದೆ. ಹುರಿಯ ತುದಿಯಲ್ಲಿ ಎರಕದ ಕಬ್ಬಿಣದ ಇಲ್ಲವೆ ಸೀಸದ ಗುಂಡು. ಎರಡು ಪಕ್ಕದ ಗುಂಡುಗಳ ತೂಕ ಕೂಡಿದರೆ ಚೌಕಟ್ಟಿನ ತೂಕಕ್ಕೆ ಹೆಚ್ಚುಕಡಿಮೆ ಸಮ. ನಮ್ಮ ಏತದ ಬುಡಕ್ಕೆ ಕಲ್ಲು ಕಟ್ಟುವ ಯುಕ್ತಿಯೇ ಇದು. ಆದ್ದರಿಂದ ಆಳೆತ್ತರದ ಗಾಜನ್ನು ಮುದುಕಿಯೊಬ್ಬಳು ಎರಡು ಬೆರಳಿನಿಂದ ಎತ್ತಬಹುದು. ಎಲ್ಲಿ ಬಿಟ್ಟರೆ ಅಲ್ಲಿಯೇ ಅದು ನಿಲ್ಲುತ್ತದೆ.

ಈ ಗುಂಡುಗಳು ಬರುವುದಕ್ಕೆ ಮುಂಚೆ ಎತ್ತಿದ ಚೌಕಟ್ಟಿಗೆ ಗೂಟವೊಂದನ್ನು ಸಿಕ್ಕಿಸಿ ನಿಲ್ಲಿಸುತ್ತಿದ್ದರು. ತೂತು ಇದ್ದ ಎತ್ತರಕ್ಕೆ ಮಾತ್ರ ಕಿಟಕಿ ತೆರೆಯುತ್ತಿತ್ತು. 17ನೆಯ ಶತಮಾನದ ಕೊನೆಯ ಭಾಗದಲ್ಲಿ ತೂಕ ಮತ್ತು ರಾಟೆಯ ಏರ್ಪಾಡು ಇಂಗ್ಲೆಂಡಿನಲ್ಲಿ ಬಳಕೆಗೆ ಬಂದು ಗೂಟ ಮೂಲೆ ಸೇರಿತು. ಆ ಗೂಟವೇ ಇನ್ನೂರು ಮುನ್ನೂರು ವರ್ಷಗಳ ಮೇಲೆ ಹಿತ್ತಾಳೆಯ ಅಂಗಿ ತೊಟ್ಟು ಹಿಂದಿರುಗಿತೆಂದು ನಾನು ಭಾವಿಸುತ್ತೇನೆ.

ಈ ಕಿಟಕಿಯ ಚರಿತ್ರೆ ದೊಡ್ಡದು. ಇಲ್ಲಿ ಬೇಕಾದಷ್ಟನ್ನು ಹೇಳುತ್ತೇನೆ. 1666ರ ಮಹಾ ಬೆಂಕಿಯಲ್ಲಿ ಲಂಡನ್ನಿನ ಮರದ ಮನೆಗಳು ಸುಟ್ಟುಹೋದ ಮೇಲೆ ಕಟ್ಟಡಗಳ ವಿಷಯದಲ್ಲಿ ಒಂದರ ಮೇಲೊಂದು ಕಾಯಿದೆಗಳು ಬಂದವು. ಕಿಟಕಿಯ ಮರ ಗೋಡೆಯ ಮುಖದಿಂದ 4 ಅಂಗುಲ ಹಿಂದಕ್ಕಿರಬೇಕೆಂದು 1709ರ ಕಾಯಿದೆ ಹೇಳಿತು. ಗುಂಡುಗಳ ಪೆಟ್ಟಿಗೆಯನ್ನೇ ಇಟ್ಟಿಗೆಯ ಮರೆಗೆ ಸರಿಸಬೇಕೆಂದು 1774ರ ಕಾಯಿದೆ ಹೇಳಿತು. ಒಂದು ಮನೆಯ ಬೆಂಕಿ ಪಕ್ಕದ ಮನೆಯ ಮರಕ್ಕೆ ನಾಲಗೆ ಚಾಚದಿರಲಿ ಎಂಬುದೇ ಉದ್ದೇಶ. ನಾಲ್ಕು ಅಂಗುಲವೆಂಬ ಲೆಕ್ಕ ಈ ಕಿಟಕಿಗೆ ಹುಟ್ಟಿನಿಂದಲೇ ಅಂಟಿಕೊಂಡಂತಿದೆ. ಮುಂದೆ ಅದು ಮತ್ತೆ ಬರುತ್ತದೆ. ಇನ್ನು ಸರ್ಕಾರ 1696ರಿಂದ 1851ರವರೆಗೆ ಕಿಟಕಿಗಳನ್ನು ಎಣಿಸಿ ತೆರಿಗೆ ಎತ್ತಿತು. ಬೆಳಕಿಗೂ ಗಾಳಿಗೂ ಕಂದಾಯ ಕಟ್ಟಲಾರದವರು ಕಿಟಕಿಗೆ ಇಟ್ಟಿಗೆ ಕಟ್ಟಿ ಮುಚ್ಚಿಸಿದರು. ಹಾಗೆ ಕುರುಡಾದ ಕಿಟಕಿಗಳು ಇಂದಿಗೂ ಅಲ್ಲಿಯ ಹಳೆಯ ಬೀದಿಗಳಲ್ಲಿ ಕಾಣಸಿಗುತ್ತವೆ.

ಸಾಹಿತ್ಯಪ್ರಿಯರಿಗೆ ಸ್ಯಾಶ್ ಕಿಟಕಿ ಎಂದೊಡನೆ ಲಾರೆನ್ಸ್ ಸ್ಟರ್ನ್ ನೆನಪಿಗೆ ಬರಬೇಕು. 1759ರಿಂದ 1767ರವರೆಗೆ ಕಂತುಕಂತಾಗಿ ಹೊರಬಂದ ಆತನ ‘ಟ್ರಿಸ್ಟ್ರಮ್ ಶ್ಯಾಂಡಿ’ ಎಂಬ ವಿಚಿತ್ರ ಕಾದಂಬರಿಯಲ್ಲಿ ಐದು ವರ್ಷದ ಕಥಾನಾಯಕನಿಗೆ ಮಕ್ಕಳ ಕೋಣೆಯ ಕಿಟಕಿಯಿಂದ ಒಂದು ವಿಪತ್ತು ಒದಗುತ್ತದೆ. ಶೌಚದ ಪಾತ್ರೆ ಸಿಕ್ಕದೆ, ಸೇವಕಿ ಹುಡುಗನನ್ನು ಕಿಟಕಿಯ ಮೇಲೆ ನಿಲ್ಲಿಸಿ, ಒಂದು ಕೈಯಿಂದ ಚೌಕಟ್ಟನ್ನು ಎತ್ತುತ್ತಾಳೆ. ಚೌಕಟ್ಟು ನಿಲ್ಲುವುದಿಲ್ಲ; ಧಡಾರನೆ ಬೀಳುತ್ತದೆ. ಪೆಟ್ಟು ಎಲ್ಲಿಗೆ ಬಿತ್ತೆಂಬುದನ್ನು ಸ್ಟರ್ನನೇ ಬಲ್ಲಂತೆ ಹೇಳಿ, ಹೇಳದಂತೆ ಮಾಡಿದ್ದಾನೆ; ನಾನೂ ಆತನ ದಾರಿಯನ್ನೇ ಹಿಡಿಯುತ್ತೇನೆ. ಕಾರಣವೇನೆಂದರೆ, ಹುಡುಗನ ಚಿಕ್ಕಪ್ಪ ಟೋಬಿ ತೋಟದಲ್ಲಿ ಆಟಿಕೆಯ ಕೋಟೆಕೊತ್ತಲಗಳನ್ನು ಕಟ್ಟಿಕೊಂಡು ಯುದ್ಧದ ಆಟ ಆಡುತ್ತಿದ್ದ. ಆ ಕೋಟೆಗೆ ಫಿರಂಗಿ ಬೇಕಾಗಿ ಆಳು ಟ್ರಿಮ್ ಕಿಟಕಿಯ ಸೀಸದ ಗುಂಡುಗಳನ್ನೂ, ಗುಂಡಿಲ್ಲದ ಮೇಲೆ ರಾಟೆ ಏಕೆಂದು ರಾಟೆಗಳನ್ನೂ ಕಿತ್ತುಕೊಂಡು ಹೋಗಿದ್ದ. ಓದುವಾಗ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ. ಆದರೆ ಇಂಗ್ಲಿಷ್ ಸಾಹಿತ್ಯದ ಈ ಪ್ರಸಿದ್ಧ ಅಪಘಾತ ಮಕ್ಕಳ ಕೋಣೆಯ ಕಿಟಕಿಯಲ್ಲಿಯೇ ನಡೆಯಿತೆಂಬುದು ನನಗೆ ಆಮೇಲೆ ಬೇರೆ ರೀತಿಯಲ್ಲಿ ನೆನಪಾಯಿತು.

ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುವುದು ಈ ಕಿಟಕಿಯ ಗುಣವಷ್ಟೆ? ಅದೇ ಅದರ ದೋಷ. ಒಳಗಿನವನ ಎರಡು ಬೆರಳಿಗೆ ಏಳುವ ಚೌಕಟ್ಟು ಹೊರಗಿನವನ ಎರಡು ಬೆರಳಿಗೂ ಏಳುತ್ತದೆ. ಅದಕ್ಕಾಗಿ ಎರಡು ಚೌಕಟ್ಟುಗಳು ಸೇರುವ ನಡುಪಟ್ಟಿಯ ಮೇಲೆ ತಿರುಗಿಸಿ ಬಿಗಿಯುವ ಹಿತ್ತಾಳೆಯ ಚಿಲಕವೊಂದನ್ನು ಕೂರಿಸಿದರು. ಕಳ್ಳರು ಪಟ್ಟಿಗಳ ಸಂದಿನಲ್ಲಿ ತೆಳುವಾದ ಚಾಕು ತೂರಿಸಿ ಅದನ್ನು ಪಕ್ಕಕ್ಕೆ ತಳ್ಳುವುದನ್ನು ಕಲಿತರು. ಚಾಕುವಿಗೆ ಜಗ್ಗದ ಚಿಲಕಗಳು ಬಂದವು. ಅವುಗಳಲ್ಲಿ ತಿರುಪಿನಿಂದ ಬಿಗಿಯುವ ‘ಬ್ರೈಟನ್’ ಚಿಲಕ ಇಂದಿಗೂ ಅಂಗಡಿಗಳಲ್ಲಿ ದೊರೆಯುತ್ತದೆ. ಆದರೆ ಈ ಎಲ್ಲ ಚಿಲಕಗಳ ಬುದ್ಧಿವಂತಿಕೆಯೂ ಒಂದೇ ಕಡೆಗೆ ಓಡಿತು. ಕಿಟಕಿ ಪೂರ್ತಿಯಾಗಿ ಮುಚ್ಚಿದ್ದರೆ ಮಾತ್ರ ಅವು ಕಾಯುತ್ತವೆ. ಒಂದು ಅಂಗುಲ ತೆರೆದರೂ ಚಿಲಕಕ್ಕೆ ಕೆಲಸವಿಲ್ಲ.

ಇದೇ ಕಾಲಕ್ಕೆ ವೈದ್ಯರು ಕಿಟಕಿ ತೆರೆಯಿರೆಂದು ಕೂಗುತ್ತಿದ್ದರು. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಬರೆದ ‘ನೋಟ್ಸ್ ಆನ್ ನರ್ಸಿಂಗ್’ ಎಂಬ ಪುಸ್ತಕದ ಮೊದಲ ಅಧ್ಯಾಯವೇ ಗಾಳಿಯ ಮೇಲಿದೆ. ರೋಗಿ ಉಸಿರಾಡುವ ಗಾಳಿ ಹೊರಗಿನ ಗಾಳಿಯಷ್ಟು ಶುದ್ಧವಾಗಿರಬೇಕು, ಆದರೆ ಅವನು ನಡುಗಬಾರದು ಎಂಬುದು ಶುಶ್ರೂಷೆಯ ಮೊದಲ ಸೂತ್ರವೆಂದು ಆಕೆ ಸಾರಿದರು. ರಾತ್ರಿಯ ಗಾಳಿ ವಿಷವೆಂಬ ಅಂದಿನ ನಂಬಿಕೆಯನ್ನು ಲೇವಡಿ ಮಾಡಿದರು. ಹಿಂಕ್ಸ್ ಬರ್ಡ್ ಎಂಬ ವೈದ್ಯನೊಬ್ಬ ಇನ್ನೂ ಸುಲಭವಾದ ಉಪಾಯ ಸೂಚಿಸಿದ. ಕೆಳಗಿನ ಚೌಕಟ್ಟನ್ನು ಕೆಲವು ಅಂಗುಲ ಎತ್ತಿ, ಅದರ ಅಡಿಗೆ ಕಿಟಕಿಯ ಅಗಲದ ಹಲಗೆಯೊಂದನ್ನು ಇಡಬೇಕು. ಕೆಳಗಿನ ಸಂದು ಹಲಗೆಯಿಂದ ಮುಚ್ಚಿಹೋಗುತ್ತದೆ. ಆದರೆ ಎರಡು ಚೌಕಟ್ಟುಗಳ ನಡುಪಟ್ಟಿಗಳು ಒಂದನ್ನೊಂದು ದಾಟಿ ನಿಲ್ಲುವುದರಿಂದ ಅವುಗಳ ನಡುವಿನಿಂದ ಗಾಳಿ ಮೇಲ್ಮುಖವಾಗಿ ಕೋಣೆಗೆ ಬರುತ್ತದೆ. ಸೊಗಸಾದ ಯುಕ್ತಿ. ಕಳ್ಳನ ವಿಷಯ ಮಾತ್ರ ಆ ವೈದ್ಯ ಮಹಾಶಯನಿಗೆ ಸೇರಿದ್ದಲ್ಲ!

ಈಗ ಹಿತ್ತಾಳೆಯ ಗುಬುಟಿಗೆ ಬರುತ್ತೇನೆ. 2022ರ ಬೇಸಗೆಯಲ್ಲಿ ನಾನೂ ನನ್ನ ಮನೆಯಾಕೆಯೂ ಉತ್ತರ ಲಂಡನ್ನಿನಲ್ಲಿರುವ ಮಗಳ ಮನೆಯಲ್ಲಿದ್ದೆವು. ನೂರು ವರ್ಷಕ್ಕೂ ಹಳೆಯ ಕಟ್ಟಡದ ಮೂರನೆಯ ಅಂತಸ್ತು. ಎಲ್ಲವೂ ಸ್ಯಾಶ್ ಕಿಟಕಿಗಳು. ಆ ವರ್ಷದ ಜುಲೈ 19ರಂದು ಬ್ರಿಟನ್ನಿನ ದಾಖಲೆಯಲ್ಲಿ ಮೊದಲ ಬಾರಿಗೆ ಉಷ್ಣತೆ 40 ಡಿಗ್ರಿ ದಾಟಿತು. ಲಿಂಕನ್‌ಶೈರಿನ ಕಾನಿಂಗ್ಸ್‌ಬಿಯಲ್ಲಿ 40.3 ಮುಟ್ಟಿತು. ರಾಯಚೂರಿನವರು ನಕ್ಕಾರು. ಆದರೆ ಚಳಿಯನ್ನು ಹೊರಗಿಡಲೆಂದು ಕಟ್ಟಿದ ಮನೆ ಬಿಸಿಯನ್ನು ಒಳಗೆ ಹಿಡಿದಿಡುತ್ತದೆ. ಛತ್ತಿಗೆ ಫ್ಯಾನಿಲ್ಲ, ತಾರಸಿಯ ಮೇಲೆ ಹಾಸಿಗೆ ಹಾಕುವಂತಿಲ್ಲ. ಸಂಜೆಯಾದರೂ ಗೋಡೆಗಳು ರೊಟ್ಟಿಯ ಹಂಚಿನಂತೆ ಕಾವು ಬಿಡುತ್ತಿದ್ದವು.

ಎರಡೂವರೆ ವರ್ಷದ ಮೊಮ್ಮಗನ ಹಾಸಿಗೆ ಕಿಟಕಿಯ ಪಕ್ಕದಲ್ಲಿತ್ತು. ಕಿಟಕಿಯ ಕಟ್ಟೆ ಅವನ ಎದೆಯ ಮಟ್ಟಕ್ಕೆ. ಹಾಸಿಗೆಯ ಮೇಲೆ ನಿಂತರೆ ಮೊಣಕಾಲಿನ ಮಟ್ಟಕ್ಕೆ. ಕೆಳಗೆ ಕಲ್ಲು ಹಾಸಿದ ಅಂಗಳ. ಮಗಳು ಎಂಟು ಗಂಟೆಗೆ ಆ ಕಿಟಕಿಯನ್ನು ಮುಚ್ಚಿ ಚಿಲಕ ಬಿಗಿದುಬಿಡುತ್ತಿದ್ದಳು. ಹುಡುಗ ಬೆವರಿನಲ್ಲಿ ಹೊರಳಿ ಅಳುತ್ತಿದ್ದ. “ಒಂದಿಷ್ಟಾದರೂ ತೆಗೆಯಬಾರದೆ ಮಗು?” ಎಂದೆ. “ಸೆಕೆಯನ್ನು ತಡೆದುಕೊಳ್ಳುತ್ತೇನೆ ಅಪ್ಪಾ, ಅದನ್ನು ತಡೆದುಕೊಳ್ಳಲಾರೆ” ಎಂದಳು. ‘ಅದು’ ಯಾವುದೆಂದು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ನನ್ನ ಮನೆಯಾಕೆ, “ನಮ್ಮ ಕಡೆ ಆಗಿದ್ದರೆ ನಾಳೆಯೇ ಸರಳು ಹಾಕಿಸುತ್ತಿದ್ದೆವು” ಎಂದಳು. ಬಾಡಿಗೆಯ ಮನೆಯ ಮುಖಕ್ಕೆ ಸರಳು ಬಡಿಯಲು ಮನೆಯೊಡೆಯ ಒಪ್ಪುವಂತಿರಲಿಲ್ಲ.

ಅಳಿಯಂದಿರು ಎಲ್ಲೋ ವಿಚಾರಿಸಿ ವಯಸ್ಸಾದ ಬಡಗಿಯೊಬ್ಬನನ್ನು ಕರೆತಂದರು. ಮನೆಯೊಡೆಯ ಇದಕ್ಕೆ ಒಪ್ಪಿಗೆ ಕೊಟ್ಟಿದ್ದ. ಬಡಗಿ ಕಿಟಕಿಯನ್ನು ಮುಚ್ಚಿ, ಕೆಳಗಿನ ಚೌಕಟ್ಟಿನ ಮೇಲುಪಟ್ಟಿಯಿಂದ ಹತ್ತು ಸೆಂಟಿಮೀಟರು, ಎಂದರೆ ಸುಮಾರು ನಾಲ್ಕು ಅಂಗುಲ, ಮೇಲಕ್ಕೆ ಅಳೆದ. ಮೇಲಿನ ಚೌಕಟ್ಟಿನ ಎರಡು ಪಕ್ಕದ ನಿಲುಪಟ್ಟಿಗಳಲ್ಲೂ ಆ ಎತ್ತರಕ್ಕೆ ಬೈರಿಗೆಯಿಂದ ಒಂದೊಂದು ತೂತು ಕೊರೆದ. ಒಳಗೆ ಮರೆಯಿರುವ ಹಿತ್ತಾಳೆಯ ಕೊಳವೆಯೊಂದನ್ನು ತೂತಿಗೆ ಕೂರಿಸಿದ. ಅದರೊಳಕ್ಕೆ ಗುಬುಟನ್ನು ಇಟ್ಟು ಸಣ್ಣ ಕೀಲಿಕೈಯಿಂದ ತಿರುಗಿಸಿ ಬಿಗಿದ. ಗುಬುಟು ಕೋಣೆಯ ಕಡೆಗೆ ಮೂಗಿನಂತೆ ಚಾಚಿಕೊಂಡಿತು. ಕೆಳಗಿನ ಚೌಕಟ್ಟು ಏರುತ್ತ ಬಂದರೆ ಅದರ ನೆತ್ತಿ ಈ ಎರಡು ಮೂಗುಗಳಿಗೆ ತಾಗಿ ನಿಲ್ಲಬೇಕು. ಇಷ್ಟೇ. ಕೊಟ್ಟ ಚಹಾ ಆರುವುದರೊಳಗೆ ಒಂದು ಕಿಟಕಿಯ ಕೆಲಸ ಮುಗಿಯಿತು. ಎರಡು ಪಕ್ಕಕ್ಕೂ ಏಕೆ, ಒಂದು ಸಾಲದೆ ಎಂದು ಕೇಳಿದೆ. ಒಂದೇ ಇದ್ದರೆ ಒಂದು ಪಕ್ಕ ನಿಂತು ಇನ್ನೊಂದು ಪಕ್ಕ ಏರಲು ನೋಡುತ್ತದೆ, ಚೌಕಟ್ಟು ಓರೆಯಾಗಿ ಸಂದು ಬಿಡುತ್ತದೆ ಎಂದ. ಮರವನ್ನೂ ಉಗುರಿನಿಂದ ಒತ್ತಿ ನೋಡಿದ. ನಿಲುಪಟ್ಟಿ ಲೊಡ್ಡಾಗಿದ್ದರೆ ಹಿತ್ತಾಳೆ ಗಟ್ಟಿಯಿದ್ದು ಏನು ಪ್ರಯೋಜನ?

ಇದರಲ್ಲಿ ನನಗೆ ಬಹಳ ಮೆಚ್ಚಿಗೆಯಾದ ಅಂಶ ಬಡಗಿ ಹೋದ ಮೇಲೆ ಹೊಳೆಯಿತು. ಗುಬುಟು ಇರುವುದು ಮೇಲಿನ ಚೌಕಟ್ಟಿನಲ್ಲಿ. ಅದು ತಡೆಯುವುದು ಕೆಳಗಿನದನ್ನು. ಆದರೆ ಮೇಲಿನ ಚೌಕಟ್ಟನ್ನು ಕೆಳಕ್ಕೆ ಎಳೆದರೂ ಅದೇ ಗುಬುಟು ಇಳಿದು ಬಂದು ಅದೇ ಪಟ್ಟಿಯ ಮೇಲೆ ಕೂರುತ್ತದೆ. ಅಂದರೆ ಅದು ಕಾಯುವುದು ಇವೆರಡರ ನಡುವಿನ ಅಂತರವನ್ನು. ಒಟ್ಟು ನಾಲ್ಕು ಅಂಗುಲವೆಂದು ಅದು ಗೊತ್ತುಮಾಡಿದೆ. ಆ ನಾಲ್ಕನ್ನು ಹೇಗೆ ಹಂಚಿಕೊಳ್ಳಬೇಕೆಂಬುದು ಮನೆಯವರಿಗೆ ಬಿಟ್ಟದ್ದು. ಎಲ್ಲವನ್ನೂ ಕೆಳಗೆ ತೆರೆಯಬಹುದು, ಎಲ್ಲವನ್ನೂ ಮೇಲೆ ತೆರೆಯಬಹುದು, ಎರಡು ಮೇಲೆ ಎರಡು ಕೆಳಗೆ ಎಂದು ಪಾಲು ಮಾಡಬಹುದು. ನಾವು ಪಾಲು ಮಾಡಿದೆವು. ಛಾವಣಿಗೆ ಏರಿದ ಬಿಸಿಗಾಳಿ ಮೇಲಿನ ಸಂದಿನಿಂದ ಹೊರಡುತ್ತಿತ್ತು, ಹೊರಗಿನ ತಂಪು ಕೆಳಗಿನ ಸಂದಿನಿಂದ ಒಳಕ್ಕೆ ಬರುತ್ತಿತ್ತು. ಅಂಗೈ ಹಿಡಿದರೆ ಎರಡೂ ತಿಳಿಯುತ್ತಿತ್ತು. ಹುಡುಗ ಮಲಗಿದ. ಮಗಳು ಮಾತ್ರ ಆ ರಾತ್ರಿ ಎರಡು ಸಲ ಎದ್ದು ಬಂದು, ಕತ್ತಲಲ್ಲಿಯೇ ಚೌಕಟ್ಟನ್ನು ಮೇಲಕ್ಕೆ ತಳ್ಳಿ, ಟಕ್ಕೆಂದು ನಿಂತುದನ್ನು ಕೇಳಿ, ಹಿಂದಕ್ಕೆ ಹೋದಳು. ಮೂರನೆಯ ರಾತ್ರಿ ಏಳಲಿಲ್ಲ.

ಈ ಗುಬುಟನ್ನು ಸರ್ವರೋಗನಿವಾರಕವೆಂದು ಹೊಗಳುವುದು ನನ್ನ ಉದ್ದೇಶವಲ್ಲ. ಗಾಜನ್ನು ಒಡೆದು ಬರಲು ನಿಶ್ಚಯಿಸಿದ ಕಳ್ಳನನ್ನು ಅದು ತಡೆಯಲಾರದು. ಸದ್ದು ಮಾಡದೆ ಬರುವ ಸೌಕರ್ಯವನ್ನಷ್ಟೇ ತಪ್ಪಿಸುತ್ತದೆ. ನಾಲ್ಕು ಅಂಗುಲದಲ್ಲಿ ಕೈ ತೂರುತ್ತದೆ. ಆದ್ದರಿಂದ ನೆಲದ ಅಂತಸ್ತಿನ ಕಿಟಕಿಯ ಕಟ್ಟೆಯ ಮೇಲೆ ಗಡಿಯಾರ ಬಿಚ್ಚಿಡಬಾರದು. ನಮ್ಮ ಕೋಲುಗಳ್ಳ ಅಲ್ಲಿಯೂ ಹುಟ್ಟಬಹುದು. ಇನ್ನೊಂದು ಕೊರತೆ ಇದೆ. ಏರುವುದಕ್ಕೆ ಅಡ್ಡಬರುವ ಈ ಗುಬುಟು ಬೀಳುವುದಕ್ಕೆ ಅಡ್ಡಬರುವುದಿಲ್ಲ. ಹುರಿ ಜೀರ್ಣವಾಗಿ ಹರಿದರೆ ಗಾಜು ಬೆರಳ ಮೇಲೆಯೇ ಬೀಳುತ್ತದೆ. ಬಾಲಕ ಟ್ರಿಸ್ಟ್ರಮನನ್ನು ಹಿತ್ತಾಳೆಯ ಗುಬುಟು ಉಳಿಸುತ್ತಿರಲಿಲ್ಲ.

ಆ ವಿಷಯದಲ್ಲಿ ಅಮೆರಿಕದವರ ಮೊಳೆಯೇ ಮೇಲೆನ್ನಬೇಕು. ಅಲ್ಲಿಯ ಹಳೆಯ ಮನೆಗಳಲ್ಲಿ, ಒಳಗಿನ ಚೌಕಟ್ಟನ್ನು ಪೂರ್ತಿ ತೂರಿ ಹೊರಗಿನ ಚೌಕಟ್ಟಿನೊಳಕ್ಕೆ ಒಂದಿಷ್ಟು ಹೋಗುವಂತೆ, ಸ್ವಲ್ಪ ಇಳಿಜಾರಾಗಿ ಒಂದು ತೂತು ಕೊರೆದು ಅದರಲ್ಲಿ ದಪ್ಪ ಮೊಳೆಯೊಂದನ್ನು ಸಡಿಲವಾಗಿ ಇಟ್ಟುಬಿಡುತ್ತಾರೆ. ಅದೇ ಬೀಗ. ಕೆಲವು ಅಂಗುಲ ಎತ್ತಿದಾಗ ಸರಿಹೊಂದುವಂತೆ ಹೊರಗಿನ ಚೌಕಟ್ಟಿನಲ್ಲಿ ಎರಡನೆಯ ತೂತು ಕೊರೆದರೆ ಗಾಳಿಗೂ ದಾರಿಯಾಯಿತು. ಈ ಮೊಳೆ ಎರಡು ಚೌಕಟ್ಟುಗಳನ್ನೂ ಒಂದಕ್ಕೊಂದು ಪೋಣಿಸುವುದರಿಂದ ಒಂದರ ಹುರಿ ಹರಿದರೂ ಇನ್ನೊಂದರ ಹುರಿ ಆಸರೆ ಕೊಡುತ್ತದೆ. ಖರ್ಚು ಒಂದು ಮೊಳೆಯದು. ಆದರೆ ಕೀಲಿಕೈ ಇಲ್ಲದ ಮೊಳೆಯನ್ನು ಮೂರು ವರ್ಷದ ಕೈಯೂ ಕಿತ್ತು ಬಾಯಿಗೆ ಹಾಕಿಕೊಳ್ಳಬಲ್ಲುದು!

ಮಕ್ಕಳ ಮಾತು ಬಂದಾಗ ನ್ಯೂಯಾರ್ಕಿನ ಸಂಗತಿಯನ್ನು ಹೇಳಬೇಕು. ಎತ್ತರದ ವಠಾರಗಳ ಕಿಟಕಿಗಳಿಂದ ಬಿದ್ದು ಸಾಯುವ ಎಳೆಯ ಮಕ್ಕಳ ಸಂಖ್ಯೆಯನ್ನು ಕಂಡು ಅಲ್ಲಿಯ ಆರೋಗ್ಯ ಇಲಾಖೆ 1970ರ ದಶಕದ ಆರಂಭದಲ್ಲಿ ಬ್ರಾಂಕ್ಸ್ ಭಾಗದಲ್ಲಿ ಒಂದು ಪ್ರಚಾರ ಹೂಡಿತು. ಮಕ್ಕಳು ಹಾರಲಾರರು ಎಂಬುದೇ ಅದರ ಹೆಸರು. ಮನೆಮನೆಗೆ ದಾದಿಯರು ಹೋದರು, ಕಿಟಕಿಗೆ ಹಾಕುವ ಲೋಹದ ಅಡ್ಡಪಟ್ಟಿಗಳನ್ನು ಹಂಚಿದರು. 1976ರಲ್ಲಿ ಅದು ನಿಯಮವೇ ಆಯಿತು. ಹತ್ತು ವರ್ಷ ಮತ್ತು ಅದಕ್ಕೂ ಕೆಳಗಿನ ಮಕ್ಕಳಿರುವ ವಠಾರದ ಮನೆಗಳಿಗೆ ಒಡೆಯನೇ ಅಡ್ಡಪಟ್ಟಿ ಹಾಕಿಸಬೇಕು. ಅಲ್ಲಿಯೂ ಏರಿಳಿಯುವ ಕಿಟಕಿಗಳೇ ಹೆಚ್ಚು. ಕೆಳಗಿನ ಚೌಕಟ್ಟು ಅಡ್ಡಪಟ್ಟಿಯನ್ನು ಮೀರಿ ನಾಲ್ಕೂವರೆ ಅಂಗುಲಕ್ಕಿಂತ ಮೇಲೆ ಏಳದಂತೆ ಗಾಡಿಯಲ್ಲಿ ಲೋಹದ ತಡೆಯನ್ನೂ ತಿರುಪಿನಿಂದ ಬಿಗಿಯಬೇಕು. ಮಕ್ಕಳು ಬೀಳುವುದು ಅಲ್ಲಿ ಗಣನೀಯವಾಗಿ ಇಳಿಯಿತು. ಮಗುವಿನ ಮೈ ತೂರಬೇಕಾದರೆ ತಲೆ ತೂರಬೇಕು. ನಾಲ್ಕು ಅಂಗುಲದ ಲೆಕ್ಕ ಹುಟ್ಟಿದುದು ಆ ಪುಟ್ಟ ತಲೆಯ ಅಳತೆಯಿಂದ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಮತ್ತು ವೃದ್ಧರ ಆರೈಕೆಯ ಮನೆಗಳಲ್ಲಿ, ಬೀಳುವ ಭಯವಿರುವವರ ಕಿಟಕಿ 100 ಮಿಲಿಮೀಟರಿಗಿಂತ ಹೆಚ್ಚು ತೆರೆಯಬಾರದೆಂದು ಅಲ್ಲಿಯ ಸುರಕ್ಷತಾ ಇಲಾಖೆ ತಿಳಿಸುತ್ತದೆ. ಅದೂ ಅದೇ ನಾಲ್ಕು ಅಂಗುಲ. ನೆನಪು ಮಸುಕಾಗಿ, ಬಾಗಿಲಾವುದು ಕಿಟಕಿಯಾವುದು ಎಂದು ತಿಳಿಯದೆ ನಡುರಾತ್ರಿ ಊರಿಗೆ ಹೊರಟುನಿಲ್ಲುವ ಮುದುಕರೂ ಮಕ್ಕಳೇ ತಾನೆ? ನನ್ನ ವಯಸ್ಸಿನವರು ಇದನ್ನು ಬೇರೆಯವರ ವಿಷಯವೆಂದು ಓದುವಂತಿಲ್ಲ.

ಇಷ್ಟಾದರೂ ನ್ಯೂಯಾರ್ಕಿನ ನಿಯಮ ಒಂದು ಕಿಟಕಿಯನ್ನು ಹಾಗೆಯೇ ಬಿಟ್ಟಿದೆ. ಬೆಂಕಿ ಬಿದ್ದಾಗ ಇಳಿಯುವ ಕಬ್ಬಿಣದ ಮೆಟ್ಟಿಲಿಗೆ ತೆರೆಯುವ ಕಿಟಕಿಗೆ ಅಡ್ಡಪಟ್ಟಿ ಹಾಕಬಾರದು. ಬೀಳದಂತೆ ತಡೆಯುವುದು ಓಡದಂತೆಯೂ ತಡೆಯಬಾರದಲ್ಲ! ನಮ್ಮ ಸರಳುಗಳ ವಿಷಯದಲ್ಲಿ ಈ ಯೋಚನೆ ನಮಗೆಷ್ಟು ಜನಕ್ಕೆ ಬಂದಿದೆಯೋ ಕಾಣೆ. ಲಂಡನ್ನಿನ ಬಡಗಿಗೆ ಬಂದಿತ್ತು. ಕೀಲಿಕೈಯನ್ನು ಎಲ್ಲಿಡಬೇಕೆಂದು ಮಗಳು ಕೇಳಿದಾಗ, ಅಳಿಯಂದಿರು ಅಡುಗೆಮನೆಯ ಸೆಳೆಖಾನೆಯನ್ನು ತೋರಿಸಿದರು. ಆತ ತಲೆಯಾಡಿಸಿದ. ಹುಡುಗನ ಕೈಗೆ ಎಟುಕಬಾರದು, ಆದರೆ ಹೊಗೆ ತುಂಬಿದ ಕತ್ತಲಲ್ಲಿ ನಿಮ್ಮ ಕೈಗೆ ಹುಡುಕದೆ ಸಿಗಬೇಕು ಎಂದವನೇ, ಅದೇ ಕೋಣೆಯಲ್ಲಿ, ಕಿಟಕಿಯ ಬಲಗಡೆಯ ಗೋಡೆಗೆ, ಅಳಿಯಂದಿರ ಭುಜದ ಎತ್ತರಕ್ಕೆ ಒಂದು ಮೊಳೆ ಹೊಡೆದು ಅದನ್ನು ಅಲ್ಲಿ ನೇತುಹಾಕಿದ.